ವಿಷಯ: ಕೇಳಿದ್ದು ಒಂದು ರೂಟ್‌ಸ್ಟಾಕ್ (ಕಸಿ ಕಟ್ಟುವ ಬೇರುಗಿಡ), ಕಳಿಸಿದ್ದು ಇನ್ನೊಂದು – ಚೆರ್ರಿ ಗಿಡಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗಿಡ ಮಾರಾಟ ವಿಭಾಗ

ಮಾನ್ಯರೇ,

ನಿಮ್ಮ ನರ್ಸರಿಯಿಂದ ಲ್ಯಾಪಿನ್ಸ್ ತಳಿಯ ಸಿಹಿ ಚೆರ್ರಿ ಕಸಿ ಗಿಡಗಳನ್ನು ತರಿಸಿಕೊಂಡಿದ್ದೆ. ಬಿಲ್ಲಿನಲ್ಲಿ ರೂಟ್‌ಸ್ಟಾಕ್ ‘ಕೋಲ್ಟ್’ ಎಂದಿದೆ. ಗಿಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ‘ಗಿಸೆಲಾ 5’ ಎಂದಿತ್ತು. ನೆಡುವ ಮೊದಲೇ ಫೋನ್ ಮಾಡಿ ಕೇಳಿದೆ. “ಹೆಸರಷ್ಟೇ ಬೇರೆ, ಎರಡೂ ಒಂದೇ” ಎಂದರು ನಿಮ್ಮವರು.

ಎರಡೂ ಒಂದೇ ಹೇಗಾಗುತ್ತದೆ? ಕೋಲ್ಟ್ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ್ದು. ಅದರ ಮೇಲಿನ ಮರ ಚೆನ್ನಾಗಿ ಬೆಳೆಯುತ್ತದೆ. ಗಿಸೆಲಾ 5 ಜರ್ಮನಿಯ ಗೀಸೆನ್‌ನಲ್ಲಿ ಹುಟ್ಟಿದ, ಮರವನ್ನು ಕುಳ್ಳಗಿಡುವ ಬೇರು. ಇದರ ಮೇಲಿನ ಮರ ಕಾಡು ಚೆರ್ರಿ ಬೇರಿನ ಮೇಲಿನ ಮರದ ಹೆಚ್ಚುಕಮ್ಮಿ ಅರ್ಧದಷ್ಟೇ ಬೆಳೆಯುತ್ತದೆ, ಬೇಗ ಫಸಲಿಗೆ ಬರುತ್ತದೆ, ಮೈತುಂಬ ಕಾಯಿ ಕಚ್ಚುತ್ತದೆ. ಒಳ್ಳೆಯ ಮಣ್ಣು, ನೀರು, ವರ್ಷವರ್ಷ ಸರಿಯಾಗಿ ಕೊಂಬೆ ಸವರುವಿಕೆ ಇದ್ದರೆ ಅದೂ ಒಳ್ಳೆಯದೇ. ನನ್ನದು ಸಾರ ಕಡಿಮೆಯ ನೆಲ. ಅದಕ್ಕೇ ಕೋಲ್ಟ್ ಕೇಳಿದ್ದು.

ಮೇಲಾಗಿ ಲ್ಯಾಪಿನ್ಸ್‌ಗೆ ಬೇರೆ ತಳಿಯ ಪರಾಗ ಬೇಕಿಲ್ಲ, ತಾನೇ ಕಾಯಿ ಕಚ್ಚುತ್ತದೆ. ಅದನ್ನು ಗಿಸೆಲಾ 5ರ ಮೇಲೆ ಕೂರಿಸಿ ಸುಮ್ನೆ ಬಿಟ್ಟರೆ ಏನಾಗುತ್ತದೆ ಎಂದು ನರ್ಸರಿಯವರಿಗೆ ಗೊತ್ತಿರಬೇಕಲ್ವಾ? ಒಂದು ಹಣ್ಣು ದಪ್ಪವಾಗಿ ಸಿಹಿ ತುಂಬಿಕೊಳ್ಳಲು ಸುಮಾರು ಐದು ಎಲೆಗಳ ದುಡಿಮೆ ಬೇಕು. ನನ್ನ ಗಿಡಗಳಲ್ಲಿ ಎಲೆಗಿಂತ ಕಾಯಿಯೇ ಜಾಸ್ತಿ. ಹಣ್ಣು ಚಿಕ್ಕದು, ಸಪ್ಪೆ. ಹೊಸ ಚಿಗುರು ಬರುವುದೇ ನಿಂತಿದೆ.

ಇದನ್ನು ಬರೆದು ಕೇಳಿದಾಗ ಬಂದ ಉತ್ತರ ಇನ್ನೂ ವಿಚಿತ್ರ: “ಈಗ ಅರ್ಧ ಕಾಯಿ ಕಿತ್ತು ಹಾಕಿ.” ಆಗ ಹಣ್ಣಿಗೆ ಬಣ್ಣ ಬರುತ್ತಿತ್ತು! ಹಣ್ಣಿನ ಜೀವಕೋಶಗಳು ಹೆಚ್ಚಾಗುವುದು ಹೂ ಬಿಟ್ಟ ಮೊದಲ ಕೆಲವು ವಾರಗಳಲ್ಲಿ. ಬಣ್ಣ ಬಂದ ಮೇಲೆ ಕಿತ್ತರೆ ಫಸಲು ಕಡಿಮೆಯಾಗುತ್ತದೆ, ಉಳಿದ ಹಣ್ಣು ಹೇಳಿಕೊಳ್ಳುವಷ್ಟು ದಪ್ಪವಾಗುವುದಿಲ್ಲ. ಚೆರ್ರಿಯಲ್ಲಿ ಕಾಯಿ ಒಂದೊಂದಾಗಿ ಕೀಳುವುದು ಮುಗಿಯದ ಕೆಲಸ ಬೇರೆ. ಗಿಡ ಎಲೆ ಉದುರಿಸಿ ನಿಂತಾಗಲೇ ಕೊಂಬೆ ಸವರಿ ಹೂಮೊಗ್ಗು ಕಡಿಮೆ ಮಾಡಬೇಕು, ಇಲ್ಲವೇ ಹೂವಿನ ಹಂತದಲ್ಲೇ ಉದುರಿಸಬೇಕು. ನಿಮ್ಮ ಕೈಪಿಡಿಯಲ್ಲಿ ಇದರ ಒಂದು ಸಾಲೂ ಇಲ್ಲ.

ಮುಂದಿನ ನಾಟಿ ಕಾಲಕ್ಕೆ ಕೋಲ್ಟ್ ಮೇಲೆ ಕಸಿ ಮಾಡಿದ ಲ್ಯಾಪಿನ್ಸ್ ಗಿಡಗಳನ್ನು ನಿಮ್ಮ ಖರ್ಚಿನಲ್ಲೇ ಕಳಿಸಿ, ಅದಾಗದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ. ಫೋನಿನ ಭರವಸೆ ಬೇಡ, ಬರಹದಲ್ಲೇ ಉತ್ತರ ಬೇಕು. ಬಿಲ್ಲು, ಚೀಟಿ ಮತ್ತು ಗಿಡಗಳ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ