ಮಾರ್ಜಿನ್ ನೋಡಿಕೊಂಡವರಿಗೆ

ನಿನ್ನೆ ಹದಿನೈದನೆಯ ರೇಡಿಯೇಶನ್ ಮುಗಿಯಿತು. ನನ್ನ ಸ್ತನ ಕ್ಯಾನ್ಸರಿಗೆ ಒಂದೇ ಆಪರೇಷನ್ ಸಾಕಾಯಿತು, ಸ್ತನವೂ ಉಳಿಯಿತು.

ಆ ‘ಒಂದೇ’ ಎಂಬುದರ ಬೆಲೆ ನನ್ನ ಅಕ್ಕನಿಗೆ ಗೊತ್ತು. ಎಂಟು ವರ್ಷಗಳ ಹಿಂದೆ ಅವಳ ಹೊಲಿಗೆ ಇನ್ನೂ ಒಣಗಿರಲಿಲ್ಲ, ಒಂಬತ್ತನೆಯ ದಿನ ವರದಿ ಬಂತು: ತೆಗೆದ ತುಂಡಿನ ಅಂಚಿನವರೆಗೂ ಕ್ಯಾನ್ಸರ್ ಕಣಗಳಿವೆ, ಮತ್ತೆ ಕೊಯ್ಯಬೇಕು. ಮತ್ತೆ ಅರಿವಳಿಕೆ, ಮತ್ತೆ ಸಾಲ.

ನನ್ನ ಸರ್ಜನ್ ಮೊದಲ ದಿನವೇ ‘ಮಾರ್ಜಿನ್’ ಎಂದಾಗ ನನಗೆ ನಗು ಬಂತು. ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳಿಗೆ ಮಾರ್ಜಿನ್ ಪಾಠವೇ! ಆದರೆ ಇಲ್ಲಿ ಅದು ಗಡ್ಡೆಯ ಜೊತೆಗೆ ಸುತ್ತಲೂ ತೆಗೆಯುವ ಆರೋಗ್ಯದ ಮಾಂಸ. ಎಷ್ಟು ತೆಗೆಯಬೇಕೆಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿರಲಿಲ್ಲವಂತೆ. 2014ರಲ್ಲಿ ಅಮೆರಿಕದ ತಜ್ಞ ಸಂಘಗಳು, ಹರಡುವ ಸ್ವಭಾವದ ಗಡ್ಡೆಯಾದರೆ, ತೆಗೆದ ತುಂಡಿನ ಅಂಚಿಗೆ ಬಳಿದ ಶಾಯಿಗೆ ಕ್ಯಾನ್ಸರ್ ಕಣ ತಾಗದಿದ್ದರೆ ಸಾಕು ಎಂದವು. ಎಷ್ಟೋ ಹೆಂಗಸರ ಎರಡನೆಯ ಆಪರೇಷನ್ ಅದರಿಂದಲೇ ತಪ್ಪಿತು.

ಶಾಯಿಯ ಕಥೆ ನನಗೆ ಬಹಳ ಹಿಡಿಸಿತು. ತೆಗೆದ ತುಂಡಿನ ಮೇಲ್ಬದಿಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ ಕಟ್ಟಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಒಂದೊಂದು ಬದಿಗೂ ಒಂದೊಂದು ಬಣ್ಣ ಬಳಿದು, ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಷ್ಟು ಹೊತ್ತೂ ನಾನು ಟೇಬಲ್ಲಿನ ಮೇಲೆ ಅರಿವಿಲ್ಲದೆ ಮಲಗಿದ್ದೆ. ಒಳಬದಿಯಲ್ಲಿ ಕಣಗಳು ಶಾಯಿಗೆ ತಾಗಿದ್ದವು. ಲ್ಯಾಬಿನಿಂದ ಫೋನ್ ಬಂತು. ಸರ್ಜನ್ ಆ ಬದಿಯಲ್ಲಿ ಇನ್ನೊಂದು ಪದರ ತೆಗೆದೇ ಹೊಲಿಗೆ ಹಾಕಿದರು.

ಆ ಫೋನ್ ಮಾಡಿದ ಪೆಥಾಲಜಿಸ್ಟರೇ, ನಿಮ್ಮ ಮುಖವನ್ನು ನಾನು ನೋಡಿಲ್ಲ. ವರದಿಯ ಕೆಳಗಿನ ಸಹಿ ಮಾತ್ರ ಗೊತ್ತು. ಸ್ತನದ ಕೊಬ್ಬು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ತೆಳ್ಳಗೆ ಸೀಳುವುದು ಕಷ್ಟ ಎಂದು ಆಮೇಲೆ ತಿಳಿಯಿತು. ಜಾರುವ ಶಿಫಾನಿಗೆ ಕತ್ತರಿ ಹಾಕುವವಳಾದ್ದರಿಂದ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಕೊನೆಯ ವರದಿಯಲ್ಲೂ ಎಲ್ಲ ಬದಿಗಳೂ ಸ್ವಚ್ಛ ಎಂದು ಬಂದ ದಿನ ನಿಮ್ಮ ಕಿಟಕಿಯಲ್ಲಿ ಮೈಸೂರು ಪಾಕಿನ ಪೊಟ್ಟಣ ಇಟ್ಟುಹೋದವಳು ನಾನೇ.

ಸರ್ಜನ್ ಅವರಿಗೆ ನಮಸ್ಕಾರ. ‘ಸುತ್ತಲೂ ಇನ್ನಷ್ಟು ಕೆರೆದುಬಿಡಿ’ ಎಂದು ನಾನು ಹಟ ಹಿಡಿದಾಗ ಅವರು ರೇಗಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 235 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಹಾಗೆ ಸುತ್ತಲೂ ಒಂದು ಪದರ ಹೆಚ್ಚಿಗೆ ತೆಗೆದು ನೋಡಿದ್ದನ್ನು ಹೇಳಿದರು. 2015ರಲ್ಲಿ ಬಂದ ಆ ಫಲಿತಾಂಶದಲ್ಲಿ ಮರು ಆಪರೇಷನ್ ಶೇ 21 ಇದ್ದದ್ದು ಶೇ 10ಕ್ಕೆ ಇಳಿದಿತ್ತು. ‘ಸೊನ್ನೆಯಾಗಲಿಲ್ಲ ನೋಡಿ’ ಎಂದೂ ಸೇರಿಸಿದರು. ಸುಳ್ಳು ಭರವಸೆ ಕೊಡದ ಆ ಮಾತಿನಿಂದಲೇ ನನಗೆ ಧೈರ್ಯ ಬಂದದ್ದು.

ಆಪರೇಷನ್ ತಡವಾಯಿತೆಂದು ಗಾಬರಿಯಲ್ಲಿ ನಮ್ಮ ಯಜಮಾನರು ಬಾಗಿಲಲ್ಲಿದ್ದ ನರ್ಸ್ ಮೇಲೆ ಕೂಗಾಡಿದರಂತೆ. ತಡವಾದದ್ದೇ ಒಳ್ಳೆಯದಾಯಿತು, ಸಿಸ್ಟರ್. ಅವರ ಪರವಾಗಿ ಕ್ಷಮೆ ಕೇಳುತ್ತೇನೆ.

ಹದಿನೈದು ದಿನವೂ ಬಸ್ಸಿನಲ್ಲಿ ಜೊತೆಗೆ ಬಂದದ್ದು ಅಕ್ಕ. ಅವಳಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ.

ಗಿರಾಕಿಗಳೇ, ನಿಮ್ಮ ಹನ್ನೊಂದು ಬ್ಲೌಸುಗಳು ಬಾಕಿ ಇವೆ. ತೋಳು ಎತ್ತಿದರೆ ಇನ್ನೂ ಬಿಗಿಯುತ್ತದೆ. ಸೋಮವಾರದಿಂದ ದಿನಕ್ಕೊಂದರಂತೆ ಕೊಡುತ್ತೇನೆ.