ಸಿಇಟಿ ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ಪರಿಗಣಿಸಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಮದ್ದೂರು ತಾಲ್ಲೂಕಿನ ಕಬ್ಬು ಬೆಳೆಗಾರ. ಎರಡು ವರ್ಷದ ಹಿಂದೆ ಪಿಯುಸಿ ಅಂಕದಿಂದಾಗಿ ತಂಗಿಯ ಮಗನ ಸಿಇಟಿ ರ‍್ಯಾಂಕ್ ಕುಸಿದಾಗ ಸುಮ್ಮನಿದ್ದೆ. ಈಗ ನನ್ನ ಮಗಳಿಗೂ ಅದೇ ಆಗಿರುವುದರಿಂದ ಬರೆಯುತ್ತಿದ್ದೇನೆ.

ನಿಯಮ ತಮಗೆ ತಿಳಿದೇ ಇದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿಯಿಂದ ಅರ್ಧ. ನನ್ನ ಮಗಳಿಗೆ ಸಿಇಟಿಯಲ್ಲಿ 180ಕ್ಕೆ 135, ಅಂದರೆ ಶೇ 75 ಬಂದಿದೆ. ಪಿಯುಸಿಯ ಆ ಮೂರು ವಿಷಯಗಳಲ್ಲಿ ಶೇ 56. ಎರಡೂ ಕೂಡಿ ಅವಳ ಲೆಕ್ಕ 65.5ಕ್ಕೆ ಇಳಿಯಿತು. ಪಿಯುಸಿಯಲ್ಲಿ ಶೇ 92, ಸಿಇಟಿಯಲ್ಲಿ ಶೇ 50 ಪಡೆದವರ ಲೆಕ್ಕ 71 ಆಗುತ್ತದೆ, ಅವರು ಇವಳಿಗಿಂತ ಮುಂದೆ ನಿಲ್ಲುತ್ತಾರೆ.

ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗಿ ಪಿಯುಸಿಗೆ ಬಂದೊಡನೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆಯಬೇಕಾಯಿತು. ಲೆಕ್ಕ ಅವಳಿಗೆ ಗೊತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಆ ವರ್ಷವೇ ನಾನು ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದೆ. ನಾಲೆಯಲ್ಲಿ ನೀರು ಬಂದ ರಾತ್ರಿಗಳಲ್ಲಿ ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದವಳು ಅವಳೇ. ಅಂಕ ಏರಿಸಿಕೊಳ್ಳಲು ಪಿಯುಸಿಯ ಎರಡನೇ ಪರೀಕ್ಷೆಯನ್ನೂ ಬರೆದಳು, ಏರಿದ್ದು ನಾಲ್ಕೇ ಅಂಕ. ಕನ್ನಡ ಮಾಧ್ಯಮಕ್ಕೆ ಮೀಸಲಾತಿ ಇದೆಯಲ್ಲ ಎನ್ನಬೇಡಿ, ಅದರೊಳಗೂ ಸೀಟು ಹಂಚುವುದು ಇದೇ ರ‍್ಯಾಂಕಿನಿಂದ.

ದಾಖಲೆ ಪರಿಶೀಲನೆಯ ದಿನ ಕೌಂಟರಿನಲ್ಲಿದ್ದವರು ಎರಡೂ ಹಾಳೆಗಳನ್ನು ನೋಡಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಪಿಯುಸಿಯಲ್ಲಿ ಇಷ್ಟು ತೆಗೆದವಳಿಗೆ ಇಲ್ಲಿ 135 ಹೇಗೆ ಬಂತು, ಯಾರನ್ನು ನೋಡಿ ಬರೆದೆ?" ಎಂದರು. ಅವಳು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಮದ್ದೂರಿನವರೆಗೂ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಸರ್ಕಾರವೇ ನಡೆಸಿದ ಪರೀಕ್ಷೆಯಲ್ಲಿ ನ್ಯಾಯವಾಗಿ ಗಳಿಸಿದ ಅಂಕಕ್ಕೆ ಒಂದು ಮಗು ಕಳ್ಳಿಯಂತೆ ತಲೆ ತಗ್ಗಿಸಬೇಕಾದರೆ ಆ ಪರೀಕ್ಷೆಯನ್ನು ಯಾಕೆ ನಡೆಸುತ್ತೀರಿ ಸ್ವಾಮಿ?

ಸಿಇಟಿ ಅಂಕವನ್ನಷ್ಟೇ ಪರಿಗಣಿಸಿ. ಇದು ಆಗದ ಕೆಲಸವೇನಲ್ಲ. ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಇದೇ ಸರ್ಕಾರಿ ವ್ಯವಸ್ಥೆ ಬರಿಯ ಸಿಇಟಿ ಅಂಕದಿಂದ ರ‍್ಯಾಂಕ್ ಕೊಟ್ಟಿತ್ತು. ವೈದ್ಯಕೀಯ ಸೀಟಿಗೆ ನೀಟ್ ಅಂಕವೊಂದೇ ಆಧಾರ, ಹನ್ನೆರಡನೆಯ ತರಗತಿಯದು ಅರ್ಹತೆಗೆ ಮಾತ್ರ. ಎನ್‌ಐಟಿಯಂಥ ಕೇಂದ್ರದ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ರ‍್ಯಾಂಕಿನಲ್ಲಿ 12ನೇ ತರಗತಿಯ ಅಂಕಕ್ಕಿದ್ದ ಪಾಲನ್ನು 2017ರಿಂದಲೇ ಕೈಬಿಟ್ಟಿದ್ದಾರೆ. ನಮ್ಮಲ್ಲೂ ಸಾಮಾನ್ಯ ವರ್ಗಕ್ಕೆ ಪಿಯುಸಿಯಲ್ಲಿ ಶೇ 45ರ ಅರ್ಹತೆಯ ಗೆರೆ ಇದೆ. ಅದು ಹಾಗೆಯೇ ಇರಲಿ, ಪಿಯುಸಿಯನ್ನು ಯಾರೂ ಅಲಕ್ಷಿಸುವುದಿಲ್ಲ.

ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದಾದ ಮಂಡ್ಯದಲ್ಲಾಗಲಿ, ಮೈಸೂರಿನಲ್ಲಾಗಲಿ ಅವಳು ಬಯಸಿದ ಶಾಖೆ ಸಿಗಲಿಲ್ಲ. ದೂರದ ಊರಿನಲ್ಲಿ ಹಾಸ್ಟೆಲ್ ಶುಲ್ಕ ಕಟ್ಟುವ ಶಕ್ತಿ ನನಗಿಲ್ಲ. ಅವಳ ಪಾಲಿಗೆ ಈ ವರ್ಷ ಮುಗಿಯಿತು. ಚಿಕ್ಕ ಮಗಳು ಈಗ ಪ್ರಥಮ ಪಿಯುಸಿಯಲ್ಲಿದ್ದಾಳೆ, ಅವಳೂ ಕನ್ನಡ ಶಾಲೆಯಿಂದಲೇ ಬಂದವಳು. ಅವಳು ಅರ್ಜಿ ಹಾಕುವ ಮೊದಲು, ಸಿಇಟಿ ಅಂಕವನ್ನಷ್ಟೇ ಪರಿಗಣಿಸುವ ಆದೇಶ ಹೊರಡಿಸಿ.

ಇಂತಿ,
ಮದ್ದೂರು ತಾಲ್ಲೂಕಿನ ಒಬ್ಬ ತಂದೆ