ಮಗಳಿಗೊಂದು ಪತ್ರ: ನಿನ್ನ ಸಂಬಳ, ನಮ್ಮ ರೇಷನ್ ಕಾರ್ಡು

ತೀರ್ಥಹಳ್ಳಿ
ಭಾನುವಾರ

ಪುಟ್ಟೀ,

ಶಿವಮೊಗ್ಗದ ದುರ್ಗಿಗುಡಿಯ ಬಟ್ಟೆ ಅಂಗಡಿಯಲ್ಲಿ ತಿಂಗಳಿಗೆ 4,500 ಕೊಡ್ತಾರಂತೆ, ಸೇರಲಾ ಅಂತ ಕೇಳಿದ್ದೀಯ. ನೀನು ದುಡಿದರೆ ಮನೆಯ ಬಿಪಿಎಲ್ ಕಾರ್ಡು ಹೋಗುತ್ತೆ ಅಂತ ಹಾಸ್ಟೆಲಿನಲ್ಲಿ ಯಾರೋ ಹೆದರಿಸಿದ್ದಾರೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೀತಿದ್ದೇನೆ. ಸೇರು. ಲೆಕ್ಕ ತಿಳ್ಕೊಂಡು ಸೇರು.

ಬಿಪಿಎಲ್‌ಗೆ ಇಡೀ ಕುಟುಂಬದ ವರ್ಷದ ಆದಾಯ 1,20,000 ದಾಟಬಾರದು. ನಿನ್ನ ಹೆಸರು ಕಾರ್ಡಿನಲ್ಲಿದೆ, ಹಾಗಾಗಿ ನಿನ್ನ ದುಡಿಮೆಯೂ ಅದರೊಳಗೇ. ನಮ್ಮ ಆದಾಯ ಪ್ರಮಾಣಪತ್ರದಲ್ಲಿರೋದು 68,000. ಪರೀಕ್ಷೆಯ ಎರಡು ತಿಂಗಳು ಬಿಟ್ಟು ಹತ್ತು ತಿಂಗಳು ಹೋದರೆ ನಿನ್ನದು 45,000. ಅಲ್ಲಿಗೆ 1,13,000. ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್ ಕೊಟ್ಟರೆ 1,17,500. ರಜೆಯಲ್ಲಿ ಬಂದು ಅಡಿಕೆ ಸುಲಿದು 3,000 ಮಾಡಿಕೊಂಡೆಯೋ, ಗೆರೆ ದಾಟಿತು. ಸುಲಿದ ದುಡ್ಡು ಕೈಗೆ ಬರೋದು, ಯಾವ ಪುಸ್ತಕದಲ್ಲೂ ಇರಲ್ಲ ಅಂತ ಲೆಕ್ಕದಿಂದ ಬಿಡೋಕಾಗಲ್ಲ. ಅದಕ್ಕೆ ಅಂಗಡಿ ಕೆಲಸ ಒಂಬತ್ತೇ ತಿಂಗಳು ಮಾಡು. ಬೋನಸ್ಸು, ಸುಲಿತ ಎಲ್ಲ ಸೇರಿ 1,16,000ಕ್ಕೆ ನಿಲ್ಲುತ್ತೆ.

ದಾಟಿದರೆ ಹೋಗೋದೇನು? ಗೃಹಲಕ್ಷ್ಮಿ ಹೋಗುತ್ತೆ ಅಂತಾರೆ, ಅದು ತಪ್ಪು. ಆ 2,000 ಎಪಿಎಲ್ ಯಜಮಾನಿಗೂ ಬರುತ್ತೆ. ಕಾರ್ಡಿನ ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಹಾಕುತ್ತಿದ್ದರೆ ಮಾತ್ರ ಸಿಗಲ್ಲ. ಗೃಹಜ್ಯೋತಿಯ 200 ಯೂನಿಟ್‌ಗೂ ನಿನ್ನ ಸಂಬಳಕ್ಕೂ ಸಂಬಂಧವಿಲ್ಲ. ಹೋಗೋದು ಅಕ್ಕಿ: ತಲೆಗೆ 5 ಕೆಜಿಯಂತೆ ನಾಲ್ವರಿಗೆ 20 ಕೆಜಿ ಕೇಂದ್ರದ್ದು, ಮೇಲೆ ರಾಜ್ಯದ ಪಾಲು. ಅಕ್ಕಿಗಿಂತ ನನಗೆ ಚಿಂತೆ ಆಸ್ಪತ್ರೆಯದು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಕೊಡೋದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರವೇ ಗೊತ್ತುಮಾಡಿದ ದರದ 30 ಪರ್ಸೆಂಟ್, ಅದೂ 1.5 ಲಕ್ಷ ಮೀರದಂತೆ. ಮನೆಯಲ್ಲಿ ಅಜ್ಜಿ ಇದ್ದಾರೆ, ಬಿಡಿಸಿ ಹೇಳಬೇಕಿಲ್ಲ. ಹಾಗಂತ ಕಾರ್ಡಿನಿಂದ ನಿನ್ನ ಹೆಸರು ತೆಗೆಸೋ ಮಾತು ಬೇಡ. ಆಗ ಆ ಚಿಕಿತ್ಸೆಯ ರಕ್ಷಣೆ ನಿನಗೇ ಇರಲ್ಲ.

ಸಂಬಳದ ಚೀಟಿಯಲ್ಲಿ ಒಂದು ಸಾಲು ಸರಿಯಾಗಿ ನೋಡು. ಕೆಲವು ಅಂಗಡಿಗಳ ಆಡಿಟರು ಹುಡುಗರ ಸಂಬಳವನ್ನು 'ಕಮಿಷನ್' ಅಂತಲೋ 'ಕಾಂಟ್ರಾಕ್ಟ್' ಅಂತಲೋ ಬರೆದು ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡೀತಾರೆ. ಹಿಡಿಯುವಾಗ ಪ್ಯಾನ್ ಕೊಟ್ಟಿರದಿದ್ದರೆ 20 ಪರ್ಸೆಂಟ್. ಹಿಡಿದದ್ದು ವಾಪಸ್ ಬರಬೇಕೆಂದರೆ ರಿಟರ್ನ್ಸ್ ಹಾಕಬೇಕು, ತೊಂದರೆ ಶುರುವಾಗೋದು ಅಲ್ಲಿ. 2024ರ ನವೆಂಬರಿನಲ್ಲಿ ಕಾರ್ಡುಗಳು ರಾಶಿ ರಾಶಿ ಎಪಿಎಲ್‌ಗೆ ಬಿದ್ದು ಗದ್ದಲವಾದಾಗ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ವಾಪಸ್ ಅಂತ ಸರ್ಕಾರ ಹೇಳಿತು. ಆದರೆ ಸಾಲಕ್ಕೋಸ್ಕರ ಸೊನ್ನೆ ತೆರಿಗೆಯ ರಿಟರ್ನ್ಸ್ ಹಾಕಿದವರೂ ಆಗ ಸಿಕ್ಕಿಹಾಕಿಕೊಂಡಿದ್ದರು. ಅದಕ್ಕೆ ಸೇರುವಾಗಲೇ "ಸಂಬಳ ಅಂತಲೇ ಬರೀರಿ" ಅನ್ನು. ನಿಜವಾಗಿ ಅದು ಸಂಬಳವೇ, ಇಷ್ಟು ಸಣ್ಣ ಸಂಬಳದಲ್ಲಿ ತೆರಿಗೆ ಹಿಡಿಯುವ ಹಾಗಿಲ್ಲ. ರಿಟರ್ನ್ಸ್ ಹಾಕಲೇಬೇಕಾಗಿ ಬಂದರೆ, ತೆರಿಗೆ ಸೊನ್ನೆ ಅಂತ ತೋರಿಸುವ ಸ್ವೀಕೃತಿಯ ಪ್ರತಿ ಇಟ್ಟುಕೋ. ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ತೋರಿಸೋಕೆ ಬೇಕು.

ಹೊತ್ತಿನ ವಿಷಯ. ನಿನಗಿನ್ನೂ 17. ಹದಿನೆಂಟು ತುಂಬದವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ಬಿಡುವೂ ಸೇರಿ ದಿನಕ್ಕೆ ಆರೇ ಗಂಟೆ, ಓವರ್‌ಟೈಮ್ ಇಲ್ಲ. ಕಾಲೇಜು ಬಿಟ್ಟ ಮೇಲೆ ರಾತ್ರಿ ಒಂಬತ್ತರವರೆಗೆ ಅಂದರೆ ಒಪ್ಪಬೇಡ. ಶನಿವಾರ ಮಧ್ಯಾಹ್ನ, ಭಾನುವಾರ ಹಗಲು ಸಾಕು. ಹಬ್ಬದ ಸೀಸನ್ನಿನಲ್ಲಿ "ಇವತ್ತೊಂದಿನ" ಅಂತಾರೆ, ಆ ಒಂದಿನ ವಾರವಾಗುತ್ತೆ.

ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ, ನೋಡೋದು ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು. ಅದಕ್ಕೆ ಐದು ವರ್ಷ ಬೆಲೆ ಇದೆ, ಸದ್ಯಕ್ಕೆ ಗಾಬರಿಯಿಲ್ಲ. ಕೆಡೋದು ಬ್ಯಾಂಕಿನಲ್ಲಿ. ಅಂಗಡಿಯವರು ಸಂಬಳಕ್ಕೆ ಅಂತ ಹೊಸ ಖಾತೆ ತೆಗೆಸಿ, ಬ್ಯಾಂಕಿನವರು ಅದಕ್ಕೆ ಆಧಾರ್ ಜೋಡಿಸಿಬಿಟ್ಟರೆ ಸ್ಕಾಲರ್‌ಶಿಪ್ ಹಳೇ ಖಾತೆಗೆ ಬರಲ್ಲ. ಯಾವ ಆಧಾರಿಗೆ ಯಾವ ಬ್ಯಾಂಕು ಅಂತ ಬರೆದಿಡುವ ಎನ್‌ಪಿಸಿಐ ಮ್ಯಾಪಿಂಗಿನಲ್ಲಿ ಕೊನೆಗೆ ಯಾವ ಬ್ಯಾಂಕು ಸೇರಿತೋ ಅಲ್ಲಿಗೇ ದುಡ್ಡು. ಕೆಲಸ ಬಿಟ್ಟು ಆ ಖಾತೆ ಮುಚ್ಚಿದೆಯೋ, ದುಡ್ಡು ಬಂದ ದಾರಿಯಲ್ಲೇ ವಾಪಸ್. ಇರೋ ಖಾತೆಯ ಪಾಸ್‌ಬುಕ್ ಜೆರಾಕ್ಸೇ ಕೊಡು. ಹೊಸದು ಬೇಕೇ ಬೇಕು ಅಂದರೆ, ಫಾರಮ್ಮಿನಲ್ಲಿ ಸರ್ಕಾರಿ ಸೌಲಭ್ಯದ ಹಣ ಈ ಖಾತೆಗೆ ಬರಲಿ ಅನ್ನುವ ಚೌಕಕ್ಕೆ ಟಿಕ್ ಹಾಕಬೇಡ.

ಡಿಗ್ರಿ ಮುಗಿದ ಮೇಲೆ ಯುವನಿಧಿ ಇದೆ, ನಿಮ್ಮ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಶುರುವಾದದ್ದು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000. ಅಂಗಡಿಯವರು ಪಿಎಫ್ ಹಿಡಿದಿದ್ದರೆ, ಬಿಡುವ ದಿನವೇ ಬಿಟ್ಟ ತಾರೀಖು ಹಾಕಿಸಿಕೊಂಡು ಬಾ, ಇಲ್ಲದಿದ್ದರೆ ದಾಖಲೆಯಲ್ಲಿ ಇನ್ನೂ ಕೆಲಸದಲ್ಲಿರುವ ಹಾಗೇ ಕಾಣುತ್ತೆ.

ಹಬ್ಬಕ್ಕೆ ಬರುವಾಗ ಆಧಾರ್ ಕಾರ್ಡ್ ತಗೊಂಡು ಬಾ. ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿಗೆ ನಮ್ಮೆಲ್ಲರ ಬೆರಳಚ್ಚು ಆಯ್ತು, ನಿನ್ನದೊಂದೇ ಬಾಕಿ.

ಅಮ್ಮ